ಶ್ರಮಜನ್ಯ ಆಮ್ಲಜನಕ ಕುಸಿತ

ದೀರ್ಘಕಾಲದ ಶ್ವಾಸಕೋಶ ಕಾಯಿಲೆ ಇರುವವರು ನಡೆಯುವಾಗ, ಮೆಟ್ಟಿಲು ಹತ್ತುವಾಗ ಅಥವಾ ವ್ಯಾಯಾಮ ಮಾಡುವಾಗ ಅವರ ರಕ್ತದ ಆಮ್ಲಜನಕ ತಗ್ಗುವ ಸ್ಥಿತಿ. ಸುಮ್ಮನೆ ಕುಳಿತಾಗ 95 ಇದ್ದ ಸಂತೃಪ್ತಿ (ಹಿಮೋಗ್ಲೋಬಿನ್ ಹೊತ್ತಿರುವ ಆಮ್ಲಜನಕದ ಶೇಕಡಾ ಪ್ರಮಾಣ) ನಾಲ್ಕಾರು ನಿಮಿಷ ನಡೆಯುವಷ್ಟರಲ್ಲಿ 85ಕ್ಕೆ ಇಳಿಯಬಹುದು. ವಿಶ್ರಾಂತಿಯ ಅಂಕಿಯಿಂದ 4 ಅಥವಾ ಹೆಚ್ಚು ಇಳಿದರೆ, ಇಲ್ಲವೇ 90ಕ್ಕಿಂತ (ಕೆಲವರ ಪ್ರಕಾರ 88ಕ್ಕಿಂತ) ಕೆಳಗೆ ಹೋದರೆ ಅದನ್ನು ಗಮನಾರ್ಹ ಕುಸಿತ ಎನ್ನುತ್ತಾರೆ.

ಕಾರಣ: ಆರೋಗ್ಯವಂತರಲ್ಲಿ ಒಂದು ಕೆಂಪು ರಕ್ತಕಣ ಗಾಳಿಗೂಡನ್ನು (ಆಮ್ಲಜನಕ ರಕ್ತಕ್ಕೆ ದಾಟುವ ಶ್ವಾಸಕೋಶದ ಪುಟ್ಟ ಚೀಲ) ಸುತ್ತಿದ ಲೋಮನಾಳವನ್ನು ದಾಟಲು ಸುಮಾರು 0.75 ಸೆಕೆಂಡು ಬೇಕು. ಆಮ್ಲಜನಕ ತುಂಬಿಕೊಳ್ಳಲು 0.25 ಸೆಕೆಂಡು ಸಾಕು. ಶ್ರಮಪಟ್ಟಾಗ ಹೃದಯ ರಕ್ತವನ್ನು ವೇಗವಾಗಿ ತಳ್ಳುವುದರಿಂದ ಈ ಅವಧಿ ಕಿರಿದಾಗುತ್ತದೆ. ಆದರೂ ಕೈಯಲ್ಲಿ ಸಮಯ ಉಳಿದಿರುವ ಕಾರಣ ಸಾಮಾನ್ಯರ ಸಂತೃಪ್ತಿ ಇಳಿಯುವುದಿಲ್ಲ. ಗಾಳಿಗೂಡಿನ ಗೋಡೆ ಗಡುಸಾಗಿ ದಪ್ಪಗಾದ ಫೈಬ್ರೋಸಿಸ್‌ನಲ್ಲಿ ಆಮ್ಲಜನಕ ನಿಧಾನವಾಗಿ ದಾಟುತ್ತದೆ. ಗೋಡೆಗಳೇ ನಾಶವಾದ ಎಂಫಿಸೀಮಾದಲ್ಲಿ ದಾಟುವ ಜಾಗವೇ ಕಡಿಮೆ. ಹಾಗಾಗಿ ಕುಳಿತಾಗ ಸಾಲುತ್ತಿದ್ದ ಸಮಯ ನಡೆದಾಗ ಸಾಲದು.

ಇದರ ಜೊತೆಗೆ ಗಾಳಿ ಸರಿಯಾಗಿ ತಲುಪದ ಭಾಗಗಳಿಗೂ ರಕ್ತ ಹರಿಯುತ್ತದೆ. ದುಡಿಯುವ ಸ್ನಾಯುಗಳು ಹೆಚ್ಚು ಆಮ್ಲಜನಕ ಹೀರಿಕೊಳ್ಳುವುದರಿಂದ ಶ್ವಾಸಕೋಶಕ್ಕೆ ಮರಳುವ ರಕ್ತ ಇನ್ನಷ್ಟು ಬರಿದಾಗಿರುತ್ತದೆ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಿಗೆ ಅಡ್ಡಿಯಾಗುವ ದೀರ್ಘಕಾಲದ ಕಾಯಿಲೆ) ರೋಗಿಗಳಲ್ಲಿ ಒಂದು ಉಸಿರು ಪೂರ್ತಿ ಹೊರಹೋಗುವ ಮೊದಲೇ ಮತ್ತೊಂದು ಒಳಬಂದು, ಎದೆ ಉಬ್ಬಿದಂತಾಗಿ ಆಳವಾಗಿ ಉಸಿರೆಳೆಯಲು ಆಗುವುದಿಲ್ಲ. ಸಂತೃಪ್ತಿ ಸುಮಾರು 90ರ ಕೆಳಗೆ ಹೋದ ಮೇಲೆ ರಕ್ತದ ಆಮ್ಲಜನಕದ ಒತ್ತಡ ತುಸು ತಗ್ಗಿದರೂ ಅಂಕಿ ಬೇಗ ಜಾರುತ್ತದೆ.

ಕಾಣುವ ಕಾಯಿಲೆಗಳು: ಸಿಒಪಿಡಿ, ಶ್ವಾಸಕೋಶದ ಫೈಬ್ರೋಸಿಸ್, ಶ್ವಾಸಕೋಶದ ರಕ್ತನಾಳಗಳಲ್ಲಿನ ಅಧಿಕ ಒತ್ತಡ ಮುಖ್ಯವಾದವು. ಭಾರತದಲ್ಲಿ ಸಿಒಪಿಡಿಗೆ ಬೀಡಿ, ಸಿಗರೇಟು ಮಾತ್ರ ಕಾರಣವಲ್ಲ. ಎಂದೂ ಧೂಮಪಾನ ಮಾಡದ, ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಬೆಂದ ಹೆಂಗಸರಲ್ಲೂ ಅದು ಕಾಣುತ್ತದೆ. ಏದುಸಿರನ್ನು ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಾಗುವುದರಿಂದ ಇಂಥವರ ರೋಗ ತಡವಾಗಿ ತಿಳಿಯುತ್ತದೆ.

ಪರೀಕ್ಷೆ: ಆರು ನಿಮಿಷದ ನಡಿಗೆ ಪರೀಕ್ಷೆ ಬಹು ಬಳಕೆಯದು. 30 ಮೀಟರ್ ಉದ್ದದ ಸಮತಟ್ಟಾದ ಹಾದಿಯಲ್ಲಿ ರೋಗಿ ತನ್ನಿಂದಾದಷ್ಟು ದೂರ ನಡೆಯುತ್ತಾನೆ. ಕ್ರಮಿಸಿದ ದೂರ, ಏದುಸಿರು, ನಾಡಿ, ಅತಿ ಕೆಳಗಿಳಿದ ಸಂತೃಪ್ತಿ ದಾಖಲಾಗುತ್ತವೆ. ಸಂತೃಪ್ತಿ 80ಕ್ಕಿಂತ ಇಳಿದರೆ ಸಾಮಾನ್ಯವಾಗಿ ಪರೀಕ್ಷೆ ನಿಲ್ಲಿಸುತ್ತಾರೆ. ಸಿಒಪಿಡಿಯಲ್ಲಿ ಸೈಕಲ್ ತುಳಿತಕ್ಕಿಂತ ನಡಿಗೆಯಲ್ಲಿ ಕುಸಿತ ಹೆಚ್ಚು ಕಾಣುವುದರಿಂದ ಸೈಕಲ್ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ.

ಬೆರಳಿಗೆ ಸಿಕ್ಕಿಸಿ ಸಂತೃಪ್ತಿ ಅಳೆಯುವ, ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಪಲ್ಸ್ ಆಕ್ಸಿಮೀಟರಿನ ತತ್ತ್ವವನ್ನು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ 1970ರ ದಶಕದಲ್ಲಿ ರೂಪಿಸಿದರು. ಬೆರಳು ತಣ್ಣಗಿದ್ದರೆ, ಅಲುಗಾಡಿದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಸಂಭವವೂ ಇದೆ. ಉಪಕರಣ ಕೆಲವು ಸೆಕೆಂಡು ಹಿಂದೆ ಬೀಳುವುದರಿಂದ ನಿಂತ ಮೇಲೂ ತುಸು ಹೊತ್ತು ಅಂಕಿ ಇಳಿಯಬಹುದು. ಏದುಸಿರಿಗೂ ಅಂಕಿಗೂ ಯಾವಾಗಲೂ ತಾಳೆಯಾಗುವುದಿಲ್ಲ: ಕೆಲವರಿಗೆ 94 ಇದ್ದಾಗಲೇ ದಮ್ಮು ಕಟ್ಟುತ್ತದೆ, ಕೆಲವರಿಗೆ 84ಕ್ಕಿಳಿದರೂ ಗೊತ್ತಾಗುವುದಿಲ್ಲ. ಆದ್ದರಿಂದ ಕುಳಿತಾಗಿನ ಒಂದು ಅಂಕಿಯಿಂದ ರೋಗಿಯ ಪೂರ್ಣ ಸ್ಥಿತಿ ತಿಳಿಯದು.

ಚಿಕಿತ್ಸೆ: ವಿಶ್ರಾಂತಿಯಲ್ಲೂ ಆಮ್ಲಜನಕ ತೀರಾ ಕಡಿಮೆ ಇರುವ ಸಿಒಪಿಡಿ ರೋಗಿಗಳ ಆಯುಷ್ಯವನ್ನು ದಿನಕ್ಕೆ 15 ಗಂಟೆ ಅಥವಾ ಹೆಚ್ಚು ಹೊತ್ತು ಕೊಡುವ ಆಮ್ಲಜನಕ ಹೆಚ್ಚಿಸುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ತೋರಿಸಿದವು. ಶ್ರಮದಲ್ಲಿ ಮಾತ್ರ ಇಳಿಯುವವರ ವಿಷಯ ಬೇರೆ. ಅಮೆರಿಕದಲ್ಲಿ 738 ಸಿಒಪಿಡಿ ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶ್ರಾಂತಿಯಲ್ಲಿ ಅಥವಾ ಶ್ರಮದಲ್ಲಿ ಮಧ್ಯಮ ಪ್ರಮಾಣದ ಕುಸಿತವಿದ್ದವರಿಗೆ ಆಮ್ಲಜನಕ ಕೊಟ್ಟಿದ್ದರಿಂದ ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಫೈಬ್ರೋಸಿಸ್ ರೋಗಿಗಳಲ್ಲಿ ಮಾತ್ರ, ನಡೆಯುವಾಗ ಬಳಸುವ ಆಮ್ಲಜನಕ ಏದುಸಿರನ್ನು ತಗ್ಗಿಸಿ ದೈನಂದಿನ ಬದುಕನ್ನು ಹಗುರಗೊಳಿಸಿತೆಂದು ಬ್ರಿಟನ್ನಿನ 2018ರ ಅಧ್ಯಯನ ಕಂಡುಕೊಂಡಿತು. ಹಾಗಾಗಿ ನಿರ್ಧಾರ ಒಬ್ಬೊಬ್ಬ ರೋಗಿಯನ್ನೂ ನಡೆಸಿ ನೋಡಿಯೇ ಆಗಬೇಕು. ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಆಮ್ಲಜನಕ ಹರಿಸಿದರೆ ಕೆಲವು ಸಿಒಪಿಡಿ ರೋಗಿಗಳ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಅಪಾಯವಾಗುತ್ತದೆ. ಒಲೆ, ದೀಪ, ಬೀಡಿಯ ಬೆಂಕಿಯ ಬಳಿ ಆಮ್ಲಜನಕ ಬಳಸಲೇಬಾರದು.

ಅಂಕಿ ಇಳಿಯುತ್ತದೆಂದು ಹೆದರಿ ನಡಿಗೆ ಬಿಡುವುದೇ ದೊಡ್ಡ ಹಾನಿ. ಬಳಸದ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯುವಿಗೆ ಅಷ್ಟೇ ಕೆಲಸಕ್ಕೂ ಹೆಚ್ಚು ಉಸಿರು ಬೇಕಾಗಿ, ನಿನ್ನೆ ದಾಟಿದ ಅಂಗಳ ಇಂದು ದೂರವೆನಿಸುತ್ತದೆ. ಈ ಸುಳಿಯಿಂದ ಹೊರತರುವುದು ಶ್ವಾಸಕೋಶ ಪುನಶ್ಚೇತನ ತರಬೇತಿ. ಎರಡು ನಿಮಿಷ ನಡೆದು ಒಂದು ನಿಮಿಷ ನಿಲ್ಲುವಂಥ ಬಿಡುವಿನ ವ್ಯಾಯಾಮ, ಬಿಸಿ ಕಾಫಿ ಆರಿಸುವಾಗ ಊದುವಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವ ಅಭ್ಯಾಸ, ಕಾಲಿನ ಬಲವರ್ಧನೆ ಇದರ ಅಂಗಗಳು. ಇದರಿಂದ ಹಾಳಾದ ಗಾಳಿಗೂಡು ಮತ್ತೆ ಮೂಡುವುದಿಲ್ಲ, ಆದರೆ ಉಳಿದ ಉಸಿರಿನಲ್ಲೇ ಹೆಚ್ಚು ದೂರ ನಡೆಯುವ ಶಕ್ತಿ ಬರುತ್ತದೆ.