ಸುಟ್ಟ ಕಲ್ಲಿನ ತೂಕ

ಕವಿ ರನ್ನನ ಹುಟ್ಟೂರು ಬೆಳಗಲಿಯಿಂದ ಮುಧೋಳ ದಾಟಿ ಲೋಕಾಪುರದ ಕಡೆ ಹೋದರೆ ಕಾಲಡಿಯಲ್ಲಿ ಸುಣ್ಣದ ಕಲ್ಲು. ಈ ಪದರಗಳಿಗೆ ಕಲಾದಗಿಯ ಹೆಸರಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಅವನ್ನು ವಿವರಿಸಿ ಬರೆದ. ಅದಕ್ಕೂ ಮೊದಲೇ ಸುಣ್ಣದ ಕಲ್ಲಿನ ಗುಣ ಅರಿತಿದ್ದವರು ಅದನ್ನು ಸುಡುವವರು. ಆ ಕಸುಬು ಉತ್ತರ ಕರ್ನಾಟಕದಲ್ಲಿ ಸುಣಗಾರ ಎಂಬ ಅಡ್ಡಹೆಸರಾಗಿ ಉಳಿದಿದೆ. ಭಟ್ಟಿಯಿಂದ ತೆಗೆದ ಕಲ್ಲು ನೋಡಲು ಅಷ್ಟೇ ದೊಡ್ಡದು, ಕೈಗೆ ಮಾತ್ರ ಹಗುರ. ಅಪ್ಪಟ ಕಲ್ಲು 100 ಕಿಲೋ ಸುಟ್ಟರೆ ಉಳಿಯುವುದು 56; ಮಿಕ್ಕ 44 ಅನಿಲವಾಗಿ ಹೋಗುತ್ತದೆ. ಹಾಗೆ ಹೋಗುವ ಗಾಳಿಯ ಲೆಕ್ಕವನ್ನು ತಕ್ಕಡಿಯಿಂದ ಹಿಡಿದವನು ರಸಾಯನವಿಜ್ಞಾನಿ ಜೋಸೆಫ್ ಬ್ಲ್ಯಾಕ್, 1756ರಲ್ಲಿ.

ತಕ್ಕಡಿ ಎಷ್ಟು ಹೋಯಿತೆಂದು ಹೇಳುತ್ತದೆ, ಏನು ಹೋಯಿತೆಂದು ಹೇಳುವುದಿಲ್ಲ. ತೂಕ ನಂಬಿ ಕಲ್ಲನ್ನು ಗುರುತಿಸುವ ತಪ್ಪಿನ ಬೇರು ಇಲ್ಲಿಯೇ ಇದೆ ಎಂಬುದು ನನ್ನ ವಾದ. ಕಲಾದಗಿ ಪದರಗಳಲ್ಲಿ ಡಾಲೊಮೈಟ್ ಕೂಡ ಇದೆ. ಅದು ಸುಟ್ಟಾಗ 100ಕ್ಕೆ 47.7ರಷ್ಟು ಕಳೆದುಕೊಳ್ಳುತ್ತದೆ. 92 ಪಾಲು ಡಾಲೊಮೈಟಿನಲ್ಲಿ 8 ಪಾಲು ಮರಳು ಬೆರೆತಿದ್ದರೆ ನಷ್ಟ ಮತ್ತೆ ಸುಮಾರು 44! ಲೆಕ್ಕ ಸರಿ, ಕಲ್ಲು ಬೇರೆ. ಇನ್ನು ದಪ್ಪ ಕಲ್ಲು ಹೊರಗೆ ಬೆಂದು ಒಡಲಲ್ಲಿ ಹಸಿಯಾಗಿಯೇ ಉಳಿಯುತ್ತದೆ. ಬೆಂದ ಮೇಲೂ ತೂಕ ನಿಲ್ಲುವುದಿಲ್ಲ: 56 ಕಿಲೋ ಸುಟ್ಟ ಸುಣ್ಣ 18 ಕಿಲೋ ನೀರು ಹೀರಬಲ್ಲದು. ಮಳೆಗಾಲದ ತೇವದಲ್ಲಿ ತೆರೆದಿಟ್ಟರೆ ತೂಕ ಏರುತ್ತದೆ, ಕಸುವು ಇಳಿಯುತ್ತದೆ. ಸುಣಗಾರ ತೂಗಿ ನೋಡಿದವನಲ್ಲ, ಅವನಿಗೆ ಈ ಲೆಕ್ಕವೆಲ್ಲ ಏಕೆ ಎಂದು ಕೇಳಬಹುದು. ಆದರೆ ಸುಣ್ಣ ಅರಳಿಸುವಾಗಲೇ ಪರೀಕ್ಷೆ ನಡೆದುಹೋಗುತ್ತಿತ್ತು. ನೀರು ಚಿಮುಕಿಸಿದೊಡನೆ ಚೆನ್ನಾಗಿ ಬೆಂದ ಹರಳು ಬುಸುಗುಟ್ಟಿ, ಬಿರಿದು, ಹಬೆಯೇಳಿಸಿ ಹಿಟ್ಟಾಗುತ್ತದೆ. ಬೇಯದ ತುಂಡು ಕಲ್ಲಾಗಿಯೇ ಕೂರುತ್ತದೆ. ತಕ್ಕಡಿ ಹೇಳಲಾರದ್ದನ್ನು ನೀರು ಹೇಳುತ್ತಿತ್ತು.

ತೂಕದ ಈ ತಪ್ಪು ಭಟ್ಟಿಯ ಒರಟುತನ, ಯಂತ್ರಕ್ಕೆ ಅಂಟುವುದಿಲ್ಲ ಎನ್ನುವವರಿದ್ದಾರೆ. ಕುಲುಮೆಯೊಳಗೇ ತೂಗುವ ಉಷ್ಣತಕ್ಕಡಿಯನ್ನು ಜಪಾನಿನ ಕೊಟಾರೊ ಹೊಂಡಾ 1915ರಲ್ಲಿ ರೂಪಿಸಿದ. ಇಂದಿನವು ಕೆಲವೇ ಮಿಲಿಗ್ರಾಂ ಪುಡಿಯನ್ನೂ ತೂಗುತ್ತವೆ. ಆದರೂ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ನಾಲ್ಕರಲ್ಲೊಂದು ಪಾಲಿನಷ್ಟು ತೆಳುವಾಗಿ, ಬಟ್ಟಲನ್ನು ಎತ್ತಿ ಹಿಡಿಯುವ ಅದರ ಬಲ ಕುಗ್ಗುತ್ತದೆ. ಏನೂ ಸೇರದೆಯೇ ತೂಕ ಏರಿದಂತೆ ಕಾಣುತ್ತದೆ. ಬಿಡುಗಡೆಯಾದ ಅನಿಲ ಪುಡಿಯ ಸುತ್ತಲೇ ನಿಂತರೆ ಕಲ್ಲು ಒಡೆಯಲು ಇನ್ನಷ್ಟು ಕಾವು ಬೇಕು. ಕಾವು ಬೇಗ ಏರಿಸಿದರೆ ನಷ್ಟ ತಡವಾಗಿ ದಾಖಲಾಗುತ್ತದೆ. ಬರಿ ಬಟ್ಟಲನ್ನು ಮೊದಲು ಕಾಯಿಸಿ ಆ ಏರಿಕೆಯನ್ನು ಕಳೆಯಬಹುದು, ಅನಿಲವನ್ನು ಹರಿಯಬಿಡಬಹುದು. ಇವು ನಿಜವಾದ ಪರಿಹಾರಗಳೇ. ಆದರೆ ಕೊನೆಯಲ್ಲಿ ಉಳಿಯುವ 44ರ ಅಂಕಿ ಯಾವ ಕಲ್ಲಿನದೆಂದು ಅವುಗಳಿಂದ ತಿಳಿಯದು. ಡಾಲೊಮೈಟಿನಿಂದ ಬರುವ ಮೆಗ್ನೀಷಿಯಾ ಸಿಮೆಂಟಿನಲ್ಲಿ ಮಿತಿ ಮೀರಿದರೆ ಕಟ್ಟಿದ ಗೋಡೆ ವರ್ಷಗಳ ಮೇಲೆ ಉಬ್ಬಿ ಬಿರಿಯುತ್ತದೆ. ಆದ್ದರಿಂದಲೇ ಸಿಮೆಂಟ್ ಪ್ರಯೋಗಾಲಯಗಳಲ್ಲಿ ಕಲ್ಲನ್ನು ಸುಟ್ಟು ನಷ್ಟ ತೂಗಿದ ಮೇಲೂ ಮೆಗ್ನೀಷಿಯಾವನ್ನು ಬೇರೆಯಾಗಿ ಅಳೆಯುತ್ತಾರೆ.