ಐಎಸ್‌ಐ ಮುದ್ರೆ ಮತ್ತು ಹಾಲ್‌ಮಾರ್ಕ್: ಗ್ರಾಹಕರಿಗೆ ಮಾಹಿತಿ

ಮಾನಕ ಎಂದರೇನು?
ಒಂದು ವಸ್ತುವಿನ ಗುಣಮಟ್ಟ, ಅಳತೆ, ಸುರಕ್ಷತೆ ಹಾಗೂ ಪರೀಕ್ಷಾ ವಿಧಾನಗಳನ್ನು ನಿಗದಿಪಡಿಸುವ ದಾಖಲೆಯೇ ಮಾನಕ. ಭಾರತದಲ್ಲಿ ಈ ಕಾರ್ಯಕ್ಕಾಗಿ 1947ರಲ್ಲಿ ಭಾರತೀಯ ಮಾನಕ ಸಂಸ್ಥೆ (ಐಎಸ್‌ಐ) ಸ್ಥಾಪನೆಯಾಯಿತು. 1986ರ ಅಧಿನಿಯಮದನ್ವಯ 1987ರ ಏಪ್ರಿಲ್ 1ರಿಂದ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಅದರ ಸ್ಥಾನವನ್ನು ಪಡೆಯಿತು. ಪ್ರಸ್ತುತ ಬ್ಯೂರೋ 2016ರ ಅಧಿನಿಯಮದಡಿ ಕಾರ್ಯನಿರ್ವಹಿಸುತ್ತಿದೆ. ಸಂಸ್ಥೆಯ ಹೆಸರು ಬದಲಾದರೂ ಮುದ್ರೆಯು ಐಎಸ್‌ಐ ಎಂಬ ಹೆಸರಿನಲ್ಲಿಯೇ ಮುಂದುವರಿದಿದೆ.

ಮಾನಕ ಕಡ್ಡಾಯವೇ?
ಮಾನಕಗಳ ಪಾಲನೆ ಸಾಮಾನ್ಯವಾಗಿ ಐಚ್ಛಿಕ. ಕೇಂದ್ರ ಸರ್ಕಾರವು ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದ ವಸ್ತುಗಳಿಗೆ ಮಾತ್ರ ಕಡ್ಡಾಯ. ಉದಾಹರಣೆಗೆ, ದ್ವಿಚಕ್ರ ವಾಹನ ಸವಾರರ ಹೆಲ್ಮೆಟ್‌ಗೆ (ಐಎಸ್ 4151) 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ.

ಐಎಸ್‌ಐ ಮುದ್ರೆಯ ಪರಿಶೀಲನೆ
ಮುದ್ರೆಯ ಮೇಲ್ಭಾಗದಲ್ಲಿ ಮಾನಕದ ಸಂಖ್ಯೆಯೂ ಕೆಳಭಾಗದಲ್ಲಿ ‘ಸಿಎಂ/ಎಲ್’ನಿಂದ ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರತಕ್ಕದ್ದು. ಪರವಾನಗಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿ ತಯಾರಕರ ವಿವರವನ್ನು ತಾಳೆ ನೋಡಬಹುದು.

ಚಿನ್ನಾಭರಣಗಳ ಹಾಲ್‌ಮಾರ್ಕ್
ಹಾಲ್‌ಮಾರ್ಕ್ 2021ರ ಜೂನ್‌ನಿಂದ ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಗಿ, ನಂತರ ಹಂತ ಹಂತವಾಗಿ ಇತರ ಜಿಲ್ಲೆಗಳಿಗೆ ವಿಸ್ತರಣೆಯಾಗಿದೆ. ಆಭರಣದ ಮೇಲೆ ಈ ಮೂರು ಗುರುತುಗಳಿರತಕ್ಕದ್ದು:
1. ಬಿಐಎಸ್ ಲಾಂಛನ.
2. ಶುದ್ಧತೆ. 22 ಕ್ಯಾರೆಟ್‌ಗೆ 916, 18 ಕ್ಯಾರೆಟ್‌ಗೆ 750, 14 ಕ್ಯಾರೆಟ್‌ಗೆ 585.
3. ಅಕ್ಷರ ಮತ್ತು ಅಂಕಿಗಳಿಂದ ಕೂಡಿದ ಆರು ಸ್ಥಾನಗಳ ಎಚ್‌ಯುಐಡಿ ಸಂಕೇತ. ಇದು ಪ್ರತಿ ಆಭರಣಕ್ಕೂ ಬೇರೆಯಾಗಿದ್ದು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಬಿಲ್ಲಿನಲ್ಲಿ ಆಭರಣದ ವಿವರ, ನಿವ್ವಳ ತೂಕ, ಶುದ್ಧತೆ ಮತ್ತು ಹಾಲ್‌ಮಾರ್ಕ್ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಬಿಲ್ಲಿಲ್ಲದೆ ಖರೀದಿಸಿದಲ್ಲಿ ಪರಿಹಾರ ಕೋರುವುದು ಕಷ್ಟಸಾಧ್ಯ.

ಶುದ್ಧತೆ ಕಡಿಮೆಯಿದ್ದಲ್ಲಿ ಪರಿಹಾರ
ಗ್ರಾಹಕರು ಶುಲ್ಕ ಪಾವತಿಸಿ, ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಮತ್ತು ಹಾಲ್‌ಮಾರ್ಕ್ ಕೇಂದ್ರದಲ್ಲಿ ಆಭರಣವನ್ನು ಪರೀಕ್ಷಿಸಿಕೊಳ್ಳಬಹುದು. ಹಾಲ್‌ಮಾರ್ಕ್ ಇರುವ ಆಭರಣದ ಶುದ್ಧತೆ ಕಡಿಮೆಯಿರುವುದು ಸಾಬೀತಾದಲ್ಲಿ, ಬಿಐಎಸ್ ನಿಯಮಗಳು, 2018ರ ಪ್ರಕಾರ ಕೊರತೆಯ ಮೌಲ್ಯದ ಎರಡು ಪಟ್ಟು ಹಾಗೂ ಪರೀಕ್ಷಾ ಶುಲ್ಕ ದೊರೆಯತಕ್ಕದ್ದು. ಉದಾಹರಣೆಗೆ, 916 ಎಂದು ಮಾರಾಟವಾದ 10 ಗ್ರಾಂ ಸರದ ಶುದ್ಧತೆ 875 ಎಂದು ಕಂಡುಬಂದರೆ, ಪ್ರತಿ ಸಾವಿರ ಭಾಗಕ್ಕೆ 41 ಭಾಗದಂತೆ 0.41 ಗ್ರಾಂ ಚಿನ್ನದ ಕೊರತೆಯಾಗುತ್ತದೆ. ಪರಿಹಾರವು 0.82 ಗ್ರಾಂ ಚಿನ್ನದ ಮೌಲ್ಯ ಮತ್ತು ಪರೀಕ್ಷಾ ಶುಲ್ಕವಾಗಿರುತ್ತದೆ.

ಹಳೆಯ ಆಭರಣಗಳು
ಮನೆಯಲ್ಲಿರುವ ಹಾಲ್‌ಮಾರ್ಕ್ ಇಲ್ಲದ ಆಭರಣಗಳನ್ನು ಇಟ್ಟುಕೊಳ್ಳಲು ಅಥವಾ ವ್ಯಾಪಾರಿಗಳಿಗೆ ಮಾರಲು ಯಾವುದೇ ನಿರ್ಬಂಧವಿಲ್ಲ. ಕಡ್ಡಾಯದ ನಿಯಮ ಅನ್ವಯಿಸುವುದು ವ್ಯಾಪಾರಿಗಳ ಮಾರಾಟಕ್ಕೆ.

ದೂರು ಸಲ್ಲಿಸುವುದು ಎಲ್ಲಿ?
• ಐಎಸ್‌ಐ ಮುದ್ರೆ, ಹಾಲ್‌ಮಾರ್ಕ್ ಮತ್ತು ಶುದ್ಧತೆ: ಬಿಐಎಸ್ ಶಾಖಾ ಕಚೇರಿ ಅಥವಾ ಬಿಐಎಸ್ ಕೇರ್ ಆ್ಯಪ್.
• ತೂಕದಲ್ಲಿ ಮೋಸ: ರಾಜ್ಯ ಕಾನೂನು ಮಾಪನಶಾಸ್ತ್ರ ಇಲಾಖೆ.
• ಸಾಮಾನ್ಯ ಮಾರ್ಗದರ್ಶನ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದೂರಿನೊಂದಿಗೆ ಬಿಲ್ಲಿನ ಪ್ರತಿ, ಮುದ್ರೆಯ ಛಾಯಾಚಿತ್ರ ಮತ್ತು ಪರೀಕ್ಷಾ ವರದಿ ಇದ್ದಲ್ಲಿ ಅದನ್ನೂ ಲಗತ್ತಿಸುವುದು. ಮೂಲ ಬಿಲ್ಲನ್ನು ಗ್ರಾಹಕರು ತಮ್ಮಲ್ಲಿಯೇ ಉಳಿಸಿಕೊಳ್ಳಬೇಕು.