ಕಣಗಿಲೆ: ಅಂಗಳಕ್ಕೆ ಚೆಂದ, ದನದ ಬಾಯಿಗೆ ವಿಷ

ಪೂಜೆಗೆ ದಿನಾ ಹೂ ಬೇಕು, ಗಿಡಕ್ಕೆ ನೀರು ಹಾಕೋಕೆ ಪುರುಸೊತ್ತಿಲ್ಲ ಅನ್ನೋ ಮನೆಗೆ ಕಣಗಿಲೆಯಂಥ ಗಿಡ ಇನ್ನೊಂದಿಲ್ಲ. ಒಮ್ಮೆ ಬೇರು ಬಿಟ್ಟರೆ ವರ್ಷಗಟ್ಟಲೆ ಇರುತ್ತೆ. ಬಿಳಿ, ಗುಲಾಬಿ, ಕೆಂಪು ಬಣ್ಣಗಳಲ್ಲಿ ವರ್ಷದ ಬಹುಪಾಲು ಹೂ ಬಿಡುತ್ತೆ. ಆದರೆ ಎಲೆ, ಹೂ, ಕಾಂಡ, ಬೇರು, ಹಾಲು ಎಲ್ಲವೂ ವಿಷ ಅನ್ನೋದು ನೆಟ್ಟವರಿಗೆ ಗೊತ್ತಿರಬೇಕು.

ಗುರುತು

ಸಸ್ಯಶಾಸ್ತ್ರದ ಹೆಸರು ನೀರಿಯಂ ಒಲಿಯಾಂಡರ್, ಸಂಸ್ಕೃತದಲ್ಲಿ ಕರವೀರ. ಹತ್ತು ಹನ್ನೆರಡು ಅಡಿ ಬೆಳೆಯುತ್ತೆ. ಉದ್ದನೆಯ ಗಟ್ಟಿ ಎಲೆಗಳು ಸಾಮಾನ್ಯವಾಗಿ ಒಂದು ಗೆಣ್ಣಿಗೆ ಮೂರರಂತೆ ಇರುತ್ತವೆ. ಗಂಟೆಯಾಕಾರದ ಹಳದಿ ಹೂ ಬಿಡುವ ಹಳದಿ ಕಣಗಿಲೆ ಬೇರೆ ಜಾತಿ. ಅದೂ ವಿಷವೇ, ಅದರ ಬೀಜವಂತೂ ಜೀವ ತೆಗೆಯುವಂಥದ್ದು.

ರಸ್ತೆ ಮಧ್ಯೆ ಯಾಕೆ?

ಹೆದ್ದಾರಿ ಡಿವೈಡರ್‌ನಲ್ಲಿ ಇದನ್ನು ನೆಡೋಕೆ ಕಾರಣ ಇದೆ. ಬಿಸಿಲು, ಹೊಗೆ, ಧೂಳು ತಡೆಯುತ್ತೆ. ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆಯದಂತೆ ಮರೆ ಆಗುತ್ತೆ. ಎಲೆ ಕಹಿ ಇರೋದ್ರಿಂದ ದನ ಸಾಮಾನ್ಯವಾಗಿ ಬಾಯಿ ಹಾಕಲ್ಲ.

ಅಪಾಯ ಶುರುವಾಗೋದು ಗಿಡ ಕತ್ತರಿಸಿದ ಮೇಲೆ. ಒಣಗಿದ ಎಲೆಯಲ್ಲೂ ವಿಷ ಉಳಿದಿರುತ್ತೆ. ಕಾಂಪೌಂಡ್ ಆಚೆ ಎಸೆದ ರೆಂಬೆ ಹುಲ್ಲು, ತರಕಾರಿ ಸಿಪ್ಪೆ ಜೊತೆ ಬೆರೆತರೆ ಬೀದಿ ದನ ತಿಂದುಬಿಡುತ್ತೆ. ಇದರಲ್ಲಿರುವ ಒಲಿಯಾಂಡ್ರಿನ್ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತೆ. ಸ್ವಲ್ಪ ಎಲೆ ತಿಂದರೂ ದೊಡ್ಡ ಹಸು ಸಾಯಬಹುದು.

ಬೆಳೆಸೋದು ಹೇಗೆ?

- ಮಳೆಗಾಲದಲ್ಲಿ ಬಲಿತ ಕಡ್ಡಿ ನೆಟ್ಟರೆ ಸಾಕು, ಚಿಗುರುತ್ತೆ. ಪೂರ್ತಿ ಬಿಸಿಲು ಬೀಳೋ ಜಾಗ ಬೇಕು, ನೀರು ನಿಲ್ಲಬಾರದು.
- ಹೂ ಬರೋದು ಹೊಸ ಚಿಗುರಿನ ತುದಿಯಲ್ಲಿ. ಒಂದು ಸುತ್ತು ಹೂ ಮುಗಿದ ಮೇಲೆ ತುದಿ ಕತ್ತರಿಸಿ.
- ಕತ್ತರಿಸುವಾಗ ಗ್ಲೌಸ್ ಹಾಕಿ, ಆಮೇಲೆ ಕೈ ತೊಳೆಯಿರಿ.
- ಕಡ್ಡಿ, ಎಲೆಗಳನ್ನು ಗುಂಡಿ ತೆಗೆದು ಮುಚ್ಚಿ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ಒಲೆಗೆ ಸೌದೆಯಾಗಿಯೂ ಬೇಡ.
- ಕೊಟ್ಟಿಗೆ, ನೀರಿನ ತೊಟ್ಟಿ, ಅಂಗನವಾಡಿ ಪಕ್ಕ ನೆಡಬೇಡಿ.

ಹೂವಿನ ಅಂಗಡಿಯವರಿಗೆ

ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದದಲ್ಲಿ ಕಣಗಿಲೆ ಹೂ ಬಳಸದಂತೆ ತೀರ್ಮಾನಿಸಿತು. ಪೂಜೆಗೆ ಅಡ್ಡಿ ಮಾಡಲಿಲ್ಲ. ದೇವರ ಮುಡಿಗೆ ಏರಿಸೋದು ಬೇರೆ, ಬಾಯಿಗೆ ಹೋಗೋ ಪ್ರಸಾದದ ಜೊತೆ ಇಡೋದು ಬೇರೆ. ತುಳಸಿ ಜೊತೆ ಒಂದೇ ಪೊಟ್ಟಣದಲ್ಲಿ ಕಟ್ಟಿಕೊಡದಿದ್ದರೆ ಒಳ್ಳೇದು. ಉಳಿದ ಹೂವನ್ನು ದನದ ಮುಂದೆ ಸುರಿಯಬೇಡಿ.

ಯಾರಾದರೂ ತಿಂದರೆ

ವಾಂತಿ, ಭೇದಿ, ಹೊಟ್ಟೆನೋವು, ತಲೆಸುತ್ತು, ನಾಡಿ ನಿಧಾನವಾಗೋದು ಇದರ ಲಕ್ಷಣ. ಮನೆಮದ್ದು ಮಾಡ್ತಾ ಕೂರಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಗಿಡದ ತುಂಡನ್ನು ಜೊತೆಗಿಟ್ಟುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಆಂಬುಲೆನ್ಸ್‌ಗೆ 108, ದನಕರುಗಳಿಗೆ ಪಶು ಸಹಾಯವಾಣಿ 1962.